ಮುಳ್ಳು ಸಿಗುವ ತನಕ ಹೊಸ ಟ್ಯೂಬ್ ಹಾಕಬೇಡಿ

ಸೈಕಲ್ಲಿನ ಟ್ಯೂಬ್ ಬದಲಿಸಿದ ಮರುದಿನವೇ ಮತ್ತೆ ಪಂಚರ್. ಅದನ್ನೂ ಬದಲಿಸಿದರೆ ವಾರದೊಳಗೆ ಇನ್ನೊಂದು. "ಈ ಟ್ಯೂಬೇ ಸರಿ ಇಲ್ಲ ಅನ್ಸುತ್ತೆ, ಬೇರೆ ಯಾವುದು ತಗೊಳ್ಲಿ ಹೇಳಿ." ಮಳೆಗಾಲ ಮುಗಿದು ಕಾಲುದಾರಿಗಳು ಒಣಗಲು ಶುರುವಾದರೆ ಸಾಕು, ಈ ಪ್ರಶ್ನೆ ಬರಲು ಶುರು, ಯುಗಾದಿ ದಾಟಿದರೂ ನಿಲ್ಲುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಾನು ಕಂಡ ಮಟ್ಟಿಗೆ ಆ ಎರಡನೇ ಪಂಚರ್ ಬಹಳ ಸಲ ಹೊಸದಲ್ಲ, ಮೊದಲನೆಯದೇ. ಟ್ಯೂಬ್ ಹೊಸದು, ಮುಳ್ಳು ಹಳೆಯದು. ಟಯರಿನೊಳಗೆ ಮುರಿದು ಕೂತ ಮುಳ್ಳಿನ ತುದಿಯನ್ನು ಹಾಗೇ ಬಿಟ್ಟು ಅದರ ಮೇಲೆ ಹೊಸ ಟ್ಯೂಬ್ ಹಾಸಿ ಗಾಳಿ ಹೊಡೆದಿರುತ್ತೀರಿ. ನಾನೂ ಹೀಗೆ ಒಂದೇ ಬೆಳಗ್ಗೆ ಮೂರು ಟ್ಯೂಬ್ ಹಾಳು ಮಾಡಿ, ನಾಲ್ಕು ಕಿಲೋಮೀಟರ್ ಸೈಕಲ್ ತಳ್ಳಿಕೊಂಡು ಬಂದ ಮೇಲೆಯೇ ಬುದ್ಧಿ ಕಲಿತದ್ದು.

ಈ ಬರಹ ಎಂಟಿಬಿ ಓಡಿಸುವವರಿಗೆ. ಎಂಟಿಬಿ ಅಂದರೆ ಮೌಂಟನ್ ಬೈಕ್, ದಪ್ಪ ಟಯರಿನ, ಕಲ್ಲು ಮಣ್ಣಿನ ದಾರಿಗೆಂದೇ ಮಾಡಿದ ಸೈಕಲ್. ಟಯರಿನೊಳಗೆ ಟ್ಯೂಬ್ ಇರುವ ಸೈಕಲ್ಲಿನ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ಟ್ಯೂಬ್‌ಲೆಸ್ ಬಗ್ಗೆ ಕೊನೆಯಲ್ಲಿ ನಾಲ್ಕು ಮಾತು.

ಯಾರು ಚುಚ್ಚುತ್ತಾರೆ?

ಬಯಲುಸೀಮೆಯಲ್ಲಿ ಇಬ್ಬರು. ಒಂದು ಬಳ್ಳಾರಿ ಜಾಲಿ. ಕೆರೆ ಏರಿ, ಹಳ್ಳದ ದಂಡೆ, ಪಾಳು ಹೊಲ, ಎಲ್ಲಿ ನೋಡಿದರೂ ಇದೆ. ಸೌದೆಗೆ ಕಡಿದುಕೊಂಡು ಹೋದವರು ಬೀಳಿಸಿದ ಸಣ್ಣ ಕೊಂಬೆಗಳು ದಾರಿ ತುಂಬ ಹರಡಿರುತ್ತವೆ. ಇದರ ಮುಳ್ಳು ಉದ್ದ, ಗಟ್ಟಿ. ಟಯರಿನೊಳಕ್ಕೆ ನೇರ ಇಳಿದು, ಹೊರಗಿನ ಭಾಗ ರಬ್ಬರಿನ ಮಟ್ಟಕ್ಕೇ ಮುರಿದುಹೋಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಎಲ್ಲ ಎಡವಟ್ಟಿಗೂ ಇದೇ ಮೂಲ.

ಇನ್ನೊಂದು ನೆಗ್ಗಿಲು ಮುಳ್ಳು. ನೆಲಕ್ಕೆ ಅಂಟಿಕೊಂಡು ಹಬ್ಬುವ ಬಳ್ಳಿ, ಪುಟ್ಟ ಹಳದಿ ಹೂವು, ನೋಡಲು ಪಾಪದ ಗಿಡ. ಕಾಯಿ ಒಣಗಿ ಹೋಳುಹೋಳಾಗಿ ಉದುರುತ್ತದೆ. ಒಂದೊಂದು ಹೋಳಿಗೂ ಕೊಂಬಿನಂಥ ಎರಡು ಮುಳ್ಳು. ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನೋಡುತ್ತಿರುತ್ತದೆ. ಸೈಕಲ್ ನಿಲ್ಲಿಸಿ ಫೋಟೋ ತೆಗೆಯೋಣ ಅಂತ ದಾರಿ ಬಿಟ್ಟು ಪಕ್ಕದ ಹುಲ್ಲಿಗೆ ಇಳಿಸಿದಿರೋ, ಒಂದೇ ಸಲಕ್ಕೆ ಐದಾರು ಅಂಟಿಕೊಂಡು ಬರುತ್ತವೆ.

ಮಲೆನಾಡಿನ ಕಡೆ ಬಿದಿರು ಮುಳ್ಳು ಇದೆ. ಪೇಟೆಯಲ್ಲಿ ಬೋಗನ್‌ವಿಲಿಯಾ ಬೇಲಿ ಕತ್ತರಿಸಿ ಫುಟ್‌ಪಾತಿನಲ್ಲಿ ಬಿಟ್ಟ ಕಡ್ಡಿಗಳಿವೆ. ಅವುಗಳಿಗೂ ಇದೇ ಮದ್ದು.

ಬ್ಯಾಗಿನಲ್ಲಿ ಏನೇನಿರಬೇಕು?

ಎರಡು ಟ್ಯೂಬ್. ಒಂದಲ್ಲ, ಎರಡು. ಟಯರಿನ ಪಕ್ಕದಲ್ಲಿ 57-622 ಅಥವಾ 54-584 ಅಂತ ಅಚ್ಚು ಹಾಕಿರುತ್ತದೆ, ಅಂಗಡಿಯಲ್ಲಿ ಅದನ್ನೇ ಹೇಳಿ. ಮೊದಲ ಅಂಕಿ ಟಯರಿನ ಅಗಲ, ಎರಡನೆಯದು ರಿಮ್ಮಿಗೆ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 622 ಅಂದರೆ 29 ಇಂಚಿನ ಸೈಕಲ್, 584 ಅಂದರೆ 27.5, 559 ಅಂದರೆ 26. ತುರ್ತಿಗೆ 29ರ ಚಕ್ರಕ್ಕೆ 27.5ರ ಟ್ಯೂಬ್ ನಡೆಯುತ್ತದೆ, ಸ್ವಲ್ಪ ಹಿಗ್ಗುತ್ತದೆ ಅಷ್ಟೇ. ಉಲ್ಟಾ ಮಾಡಬೇಡಿ, ದೊಡ್ಡ ಟ್ಯೂಬ್ ಸಣ್ಣ ಟಯರಿನಲ್ಲಿ ಮಡಚಿಕೊಂಡು ಅಲ್ಲೇ ಸವೆದು ಹೋಗುತ್ತದೆ.

ಟ್ಯೂಬ್ ಕೊಳ್ಳುವಾಗ ವಾಲ್ವ್ ನೋಡಿ. ನಮ್ಮಲ್ಲಿ ಮೂರು ಥರ ಸಿಗುತ್ತದೆ. ಬೈಕು, ಕಾರಿಗೆ ಇರುವಂಥ ದಪ್ಪನೆಯದು ಶ್ರೇಡರ್. ಕಡ್ಡಿಯ ಹಾಗೆ ತೆಳ್ಳಗೆ, ತುದಿಯಲ್ಲಿ ಪುಟ್ಟ ನಟ್ಟು ಇರುವುದು ಪ್ರೆಸ್ಟಾ. ಅಪ್ಪನ ಕಾಲದ ಸೈಕಲ್ಲಿನಲ್ಲಿ ವಾಲ್ ಟ್ಯೂಬ್ ಸಿಕ್ಕಿಸುತ್ತಿದ್ದರಲ್ಲ, ಅದು ಮೂರನೆಯದು, ಎಂಟಿಬಿಯಲ್ಲಿ ಅಪರೂಪ. ಪ್ರೆಸ್ಟಾಗೆಂದು ಸಣ್ಣ ತೂತು ಕೊರೆದ ರಿಮ್ಮಿನೊಳಗೆ ಶ್ರೇಡರ್ ತೂರುವುದೇ ಇಲ್ಲ. ದಾರಿ ಮಧ್ಯೆ ಇದು ಗೊತ್ತಾದರೆ ಅಳು ಬರುತ್ತದೆ. ಮನೆಯಲ್ಲೇ ಒಮ್ಮೆ ತೂರಿಸಿ ನೋಡಿಕೊಂಡು ಬ್ಯಾಗಿಗೆ ಹಾಕಿ.

ಇನ್ನುಳಿದದ್ದು: ಪ್ಲಾಸ್ಟಿಕ್ಕಿನ ಟಯರ್ ಲಿವರ್ ಎರಡು (ಟಯರನ್ನು ರಿಮ್ಮಿನಿಂದ ಎಬ್ಬಿಸುವ ಚಮಚದಂಥ ಪಟ್ಟಿ), ನಿಮ್ಮ ವಾಲ್ವಿಗೆ ಹೊಂದುವ ಕೈಪಂಪು, ಪ್ಯಾಚ್, ಉಜ್ಜುಕಾಗದ, ಸೊಲ್ಯೂಷನ್ (ಪ್ಯಾಚ್ ಹಿಡಿಸುವ ಅಂಟು). ಸೊಲ್ಯೂಷನ್ ಟ್ಯೂಬನ್ನು ಒಮ್ಮೆ ತೆರೆದರೆ ಕೆಲವೇ ತಿಂಗಳಲ್ಲಿ ಒಳಗೇ ಒಣಗಿಹೋಗುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ಆದ್ದರಿಂದ ಒಡೆಯದ ಒಂದು ಬ್ಯಾಗಿನಲ್ಲಿರಲಿ. ಜತೆಗೆ ಒಂದು ಹಳೇ ಬನಿಯನ್ ತುಂಡು ಮತ್ತು ನೇಲ್ ಕಟರ್. ಈ ಎರಡನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ನನ್ನ ಕೇಳಿದರೆ ಇಡೀ ಚೀಲದಲ್ಲಿ ಮುಖ್ಯವಾದವು ಇವೇ.

ಚಕ್ರಕ್ಕೆ ನಟ್ಟು ಇದ್ದರೆ 15ರ ಸ್ಪ್ಯಾನರ್ ಮರೆಯಬೇಡಿ. ಕಡಿಮೆ ಬೆಲೆಯ ಎಂಟಿಬಿಗಳಲ್ಲಿ ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ ನಟ್ಟೇ ಇರುತ್ತದೆ.

ಹಂತ 1: ನಿಲ್ಲಿಸಿ, ಆದರೆ ನಿಂತಲ್ಲೇ ಬಿಚ್ಚಬೇಡಿ

ಗಾಳಿ ಇಳಿದದ್ದು ಗೊತ್ತಾದ ತಕ್ಷಣ ಇಳಿದುಬಿಡಿ. "ಇನ್ನೊಂದು ಅರ್ಧ ಕಿಲೋಮೀಟರ್ ತಾನೇ" ಅಂತ ಓಡಿಸಿದರೆ ರಿಮ್ಮು ಕಲ್ಲಿಗೆ ಬಡಿದು ಸೊಟ್ಟಗಾಗುತ್ತದೆ, ಟ್ಯೂಬ್ ಚೂರಾಗುತ್ತದೆ. ಮುನ್ನೂರು ರೂಪಾಯಿಯಲ್ಲಿ ಮುಗಿಯುವುದು ಮೂರು ಸಾವಿರಕ್ಕೆ ಹೋಗುತ್ತದೆ.

ನೆರಳು, ಸಮತಟ್ಟು ನೆಲ, ನಾಲ್ಕೂ ಕಡೆ ಕಣ್ಣು ಹಾಯುವ ಜಾಗ ಹುಡುಕಿ. ಆನೆ ಓಡಾಡುವ ಕಾಡಂಚಿನಲ್ಲಿ ಸಂಜೆ ಹೊತ್ತು ಪಂಚರ್ ಆದರೆ ರಿಪೇರಿ ಆಮೇಲೆ. ಮೊದಲು ತಳ್ಳಿಕೊಂಡು ರಸ್ತೆಗೋ ಊರಿಗೋ ಬನ್ನಿ. (ಅನುಮತಿ ಇಲ್ಲದ ಮೀಸಲು ಅರಣ್ಯಕ್ಕೆ ಸೈಕಲ್ ನುಗ್ಗಿಸಲೇಬೇಡಿ. ಅದು ಬೇರೆಯೇ ದೊಡ್ಡ ಜಗಳ, ಇಲ್ಲಿ ಬೇಡ.)

ಬಿಚ್ಚುವ ಮೊದಲು ಟಯರನ್ನು ಒಂದು ಸುತ್ತು ನಿಧಾನಕ್ಕೆ ತಿರುಗಿಸಿ ನೋಡಿ. ಮುಳ್ಳು ಕಣ್ಣಿಗೆ ಬಿತ್ತಾ? ಕೈ ತಡೆಯಿರಿ, ಕೀಳಬೇಡಿ. ಮೊದಲು ಅದರ ನೇರಕ್ಕೆ ಟಯರಿನ ಪಕ್ಕದಲ್ಲಿ ಪೆನ್ನಿನಿಂದಲೋ ಸುಣ್ಣದ ಕಲ್ಲಿನಿಂದಲೋ ಒಂದು ಗೀಟು ಎಳೆಯಿರಿ. ಆಮೇಲೆ ತೂತು ಹುಡುಕುವ ಕೆಲಸ ಅರ್ಧ ಕಡಿಮೆಯಾಗುತ್ತದೆ. ಗಾಳಿ ತೀರಾ ನಿಧಾನಕ್ಕೆ ಇಳಿಯುತ್ತಿದ್ದು ಮನೆ ಹತ್ತಿರವೇ ಇದ್ದರೆ, ಮುಳ್ಳನ್ನು ಹಾಗೇ ಬಿಟ್ಟು ಪಂಪ್ ಹೊಡೆದುಕೊಂಡು ಮನೆ ಸೇರುವುದೂ ಒಂದು ದಾರಿ. ಒಳಗಿರುವ ತನಕ ಆ ಮುಳ್ಳೇ ಬಿರಡೆಯ ಕೆಲಸ ಮಾಡುತ್ತಿರುತ್ತದೆ.

ಹಂತ 2: ಚಕ್ರ ಕಳಚುವುದು

ಮುಂದಿನ ಚಕ್ರವಾದರೆ ಸುಲಭ. ಹಿಂದಿನದಾದರೆ ಮೊದಲು ಗೇರನ್ನು ಹಿಂದಿನ ಎಲ್ಲಕ್ಕಿಂತ ಸಣ್ಣ ಹಲ್ಲಿನ ಚಕ್ರಕ್ಕೆ ಇಳಿಸಿ. ಚೈನ್ ಸಡಿಲವಾಗಿ ಚಕ್ರ ತಾನಾಗಿ ಇಳಿಯುತ್ತದೆ, ವಾಪಸ್ ಕೂರಿಸುವಾಗಲೂ ಚೈನ್ ಎಲ್ಲಿಗೆ ಹಾಕಬೇಕು ಅಂತ ತಲೆ ಕೆರೆದುಕೊಳ್ಳಬೇಕಿಲ್ಲ. ಹಿಂದೆ ಜೋತಾಡುವ ಡಿರೇಲರನ್ನು, ಅಂದರೆ ಚೈನನ್ನು ಒಂದು ಹಲ್ಲಿನಿಂದ ಇನ್ನೊಂದಕ್ಕೆ ದಾಟಿಸುವ ಆ ತೋಳನ್ನು, ಹಿಂದಕ್ಕೆ ಎಳೆದು ಹಿಡಿದು ಚಕ್ರವನ್ನು ಕೆಳಕ್ಕೆ ಬಿಡಿ.

ಡಿಸ್ಕ್ ಬ್ರೇಕ್ ಇದ್ದವರು ಎರಡು ವಿಷಯ ನೆನಪಿಡಿ. ಗುಡ್ಡ ಇಳಿದು ಬಂದ ಕೂಡಲೇ ಡಿಸ್ಕ್ ಮುಟ್ಟಬೇಡಿ, ದೋಸೆ ಕಾವಲಿಯಷ್ಟು ಕಾದಿರುತ್ತದೆ. ತಣ್ಣಗಾದ ಮೇಲೂ ಬರಿಗೈಯಲ್ಲಿ ಹಿಡಿಯಬೇಡಿ, ಕೈಯ ಜಿಡ್ಡು ತಾಗಿದರೆ ಬ್ರೇಕ್ ಕಿರುಚಲು ಶುರು ಮಾಡುತ್ತದೆ. ಎರಡನೆಯದು ಇನ್ನೂ ಮುಖ್ಯ. ಹೈಡ್ರಾಲಿಕ್ ಬ್ರೇಕಾದರೆ, ಅಂದರೆ ಕೇಬಲ್ ಬದಲು ಎಣ್ಣೆಯ ಒತ್ತಡದಿಂದ ಹಿಡಿಯುವ ಬ್ರೇಕಾದರೆ, ಚಕ್ರ ಹೊರಗಿರುವಾಗ ಬ್ರೇಕ್ ಲಿವರ್ ಒತ್ತಲೇಬಾರದು. ಪ್ಯಾಡುಗಳು ಒಂದಕ್ಕೊಂದು ಅಂಟಿಕೊಂಡು ಡಿಸ್ಕ್ ಒಳಗೆ ಹೋಗದ ಹಾಗೆ ಆಗುತ್ತದೆ. ಜತೆಗೆ ಬಂದ ಸ್ನೇಹಿತರು ಸುಮ್ನೆ ನಿಂತಿರಲಾರದೆ ಬ್ರೇಕ್ ಒತ್ತಿ ಒತ್ತಿ ನೋಡುತ್ತಿರುತ್ತಾರೆ, ಅವರಿಗೂ ಹೇಳಿ. ಬಿಸ್ಕತ್ ಪ್ಯಾಕಿನ ರಟ್ಟನ್ನು ಮಡಚಿ ಪ್ಯಾಡುಗಳ ನಡುವೆ ಸಿಕ್ಕಿಸಿಟ್ಟರೆ ಚಿಂತೆ ಇಲ್ಲ.

ಹಂತ 3: ಟಯರಿನ ಒಂದೇ ಬದಿ ಎಬ್ಬಿಸಿ

ಉಳಿದ ಗಾಳಿಯನ್ನೆಲ್ಲ ಬಿಟ್ಟುಬಿಡಿ. ಟಯರಿನ ಅಂಚಿನಲ್ಲಿ ಗಟ್ಟಿಯಾದ ಬಳೆಯಂಥ ಭಾಗ ಇದೆಯಲ್ಲ, ಅದಕ್ಕೆ ಬೀಡ್ ಅನ್ನುತ್ತಾರೆ. ಸುತ್ತಲೂ ಹೆಬ್ಬೆರಳಿನಿಂದ ಒತ್ತುತ್ತಾ ಅದನ್ನು ರಿಮ್ಮಿನ ನಡುಮಧ್ಯದ ತಗ್ಗಿಗೆ ಇಳಿಸಿ. ಹೀಗೆ ಮಾಡಿದರೆ ಎದುರು ಬದಿಯಲ್ಲಿ ಟಯರ್ ಸಡಿಲವಾಗುತ್ತದೆ, ಎಷ್ಟೋ ಸಲ ಲಿವರೇ ಬೇಕಾಗುವುದಿಲ್ಲ. ವಾಲ್ವಿನ ಎದುರು ಬದಿಯಿಂದ ಶುರು ಮಾಡಿ, ಒಂದು ಲಿವರಿನಿಂದ ಎಬ್ಬಿಸಿ, ಒಂದು ಗೇಣು ದೂರದಲ್ಲಿ ಇನ್ನೊಂದನ್ನು ತೂರಿಸಿ ಜಾರಿಸಿಕೊಂಡು ಹೋಗಿ. ಲಿವರನ್ನು ಆಳಕ್ಕೆ ತೂರಿಸಿದರೆ ಟ್ಯೂಬನ್ನೂ ಕಚ್ಚುತ್ತದೆ, ಹುಷಾರು.

ಸ್ಕ್ರೂಡ್ರೈವರ್ ಹಾಕಲೇಬೇಡಿ. ಬೈಕಿನ ಟಯರ್ ಬಿಚ್ಚುವ ಕಬ್ಬಿಣದ ಪಟ್ಟಿಯೂ ಬೇಡ. ಅಲ್ಯೂಮಿನಿಯಂ ರಿಮ್ಮು ಅದಕ್ಕೆ ತಾಳುವುದಿಲ್ಲ.

ಈಗ ಟ್ಯೂಬನ್ನು ಹೊರಗೆ ಎಳೆಯಿರಿ. ಎಳೆದು ಮೂಲೆಗೆ ಎಸೆಯಬೇಡಿ. ಟಯರಿನ ಯಾವ ಅಕ್ಷರದ ಎದುರಿಗೆ ವಾಲ್ವ್ ಇತ್ತು, ಟ್ಯೂಬಿನ ಯಾವ ಮುಖ ಬಲಗಡೆಗೆ ಇತ್ತು, ಎರಡನ್ನೂ ನೆನಪಿಟ್ಟುಕೊಂಡು ಚಕ್ರದ ಪಕ್ಕದಲ್ಲೇ ಹಾಗೇ ಮಲಗಿಸಿ. ಮುಂದಿನ ಹಂತ ನಿಂತಿರುವುದೇ ಇದರ ಮೇಲೆ.

ಹಂತ 4: ತೂತು ಏನು ಹೇಳುತ್ತದೆ ಕೇಳಿ

ಟ್ಯೂಬಿಗೆ ಗಾಳಿ ಹೊಡೆದು ಒಂದೂವರೆ ಪಟ್ಟು ಉಬ್ಬಿಸಿ. ಕಿವಿಯ ಹತ್ತಿರ ಹಿಡಿದು ಸುತ್ತಲೂ ತಿರುಗಿಸಿದರೆ ಸೂಂ ಅನ್ನುವುದು ಕೇಳುತ್ತದೆ. ಗಾಳಿ ಬೀಸುತ್ತಿದ್ದು ಕೇಳಿಸದಿದ್ದರೆ ತುಟಿಯ ಹತ್ತಿರ ತನ್ನಿ. ತುಟಿಗೆ ತಣ್ಣನೆಯ ಗಾಳಿ ಬೇಗ ತಾಕುತ್ತದೆ. ಅಷ್ಟಕ್ಕೂ ಸಿಗದಿದ್ದರೆ ಬಾಟಲಿ ನೀರು ಹನಿಸಿ, ಗುಳ್ಳೆ ಬರುತ್ತದೆ.

ತೂತಿನ ಜಾಗ ನೋಡಿದರೆ ಕಾರಣ ಗೊತ್ತಾಗುತ್ತದೆ.

ನೆಲದ ಕಡೆಗಿದ್ದ ಮೈಯಲ್ಲಿ ಒಂದೇ ಒಂದು ಸೂಜಿ ತೂತು ಇದ್ದರೆ ಮುಳ್ಳು. ಅಕ್ಕಪಕ್ಕ ಎರಡು ಸಣ್ಣ ಸೀಳಿದ್ದರೆ ಅದು ಮುಳ್ಳಲ್ಲ. ಹಾವು ಕಚ್ಚಿದ ಗುರುತಿನ ಹಾಗಿರುವ ಇದಕ್ಕೆ ಸ್ನೇಕ್‌ಬೈಟ್ ಅಂತಲೇ ಹೆಸರು. ಗಾಳಿ ಕಡಿಮೆ ಇದ್ದಾಗ ಕಲ್ಲಿನ ಅಂಚಿಗೋ ಮರದ ಬೇರಿಗೋ ಬಡಿದು, ರಿಮ್ಮಿನ ಎರಡು ತುಟಿಗಳಿಗೂ ಆ ಕಲ್ಲಿಗೂ ನಡುವೆ ಸಿಕ್ಕಿ ಟ್ಯೂಬ್ ಜಜ್ಜಿರುತ್ತದೆ. ಇಲ್ಲಿ ಮುಳ್ಳು ಹುಡುಕುತ್ತಾ ಕೂರಬೇಡಿ, ಗಾಳಿ ಜಾಸ್ತಿ ಹೊಡೆಯಿರಿ. ರಿಮ್ಮಿನ ಕಡೆಗಿದ್ದ ಒಳಮೈಯಲ್ಲಿ ತೂತು ಇದ್ದರೆ ರಿಮ್ ಟೇಪ್ ಸರಿದು ಚಕ್ರದ ಕಡ್ಡಿಯ (ಸ್ಪೋಕಿನ) ತುದಿ ಚುಚ್ಚಿದೆ ಅಂತ ಅರ್ಥ. ರಿಮ್ ಟೇಪ್ ಅಂದರೆ ಕಡ್ಡಿಗಳ ತೂತು ಮುಚ್ಚಲು ರಿಮ್ಮಿನೊಳಗೆ ಸುತ್ತಿರುವ ಪಟ್ಟಿ. ಅದನ್ನು ಸರಿ ಮಾಡದೆ ಎಷ್ಟು ಟ್ಯೂಬ್ ಹಾಕಿದರೂ ದಂಡ. ಇನ್ನು ವಾಲ್ವಿನ ಬುಡವೇ ಹರಿದಿದ್ದರೆ ಪ್ಯಾಚ್ ನಿಲ್ಲುವುದಿಲ್ಲ, ಆ ಟ್ಯೂಬಿನ ಕತೆ ಮುಗಿಯಿತು.

ಹಂತ 5: ಮುಳ್ಳು ಹುಡುಕುವುದು

ಇಲ್ಲಿ ಅವಸರ ಬೇಡ. ಬೇರೆ ಹಂತಗಳಿಗೆಲ್ಲ ಸೇರಿ ಕೊಟ್ಟಷ್ಟು ಸಮಯ ಇದಕ್ಕೊಂದಕ್ಕೇ ಕೊಟ್ಟರೂ ನಷ್ಟವಿಲ್ಲ.

ಉಬ್ಬಿಸಿದ ಟ್ಯೂಬಿನಲ್ಲಿ ವಾಲ್ವಿನಿಂದ ತೂತಿಗೆ ಎಷ್ಟು ಗೇಣು ಅಂತ ಅಳೆಯಿರಿ. ಟಯರಿನಲ್ಲೂ ವಾಲ್ವ್ ಇದ್ದ ಜಾಗದಿಂದ ಅಷ್ಟೇ ಗೇಣು ಅಳೆಯಿರಿ. ಟ್ಯೂಬಿನ ಮುಖ ಮರೆತಿದ್ದರೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಎರಡು ಕಡೆ ನೋಡಬೇಕಾಗುತ್ತದೆ ಅಷ್ಟೇ. ಮುಳ್ಳು ಅಲ್ಲೇ ಆಸುಪಾಸಿನಲ್ಲಿ ಇರುತ್ತದೆ.

ಈಗ ಬನಿಯನ್ ತುಂಡು ತೆಗೆಯಿರಿ. ಟಯರಿನ ಒಳಮೈಯನ್ನು ಅದರಿಂದ ಮೆಲ್ಲಗೆ ಒರೆಸಿಕೊಂಡು ಹೋಗಿ, ಮೊದಲು ಒಂದು ದಿಕ್ಕಿಗೆ, ಆಮೇಲೆ ಉಲ್ಟಾ ದಿಕ್ಕಿಗೆ. ಮುಳ್ಳು ಓರೆಯಾಗಿ ಕೂತಿದ್ದರೆ ಒಂದು ದಿಕ್ಕಿನಲ್ಲಿ ಬಟ್ಟೆ ಜಾರಿಹೋಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ನೂಲು ಸಿಕ್ಕಿಕೊಳ್ಳುತ್ತದೆ. ಬರಿಬೆರಳಿನಲ್ಲಿ ಸವರಬೇಡಿ. ಮುಳ್ಳಿನ ಬದಲು ಗಾಜಿನ ಚೂರೋ ತಂತಿಯೋ ಇದ್ದರೆ ಬೆರಳು ಸೀಳುತ್ತದೆ.

ಬಟ್ಟೆಗೂ ಸಿಗಲಿಲ್ಲವೇ? ಹೊಸಬರು ಇಲ್ಲೇ ಸೋತು "ಬಿದ್ದು ಹೋಗಿರಬೇಕು ಬಿಡು" ಅಂತ ಟ್ಯೂಬ್ ಹಾಕಿಬಿಡುತ್ತಾರೆ. ಬಿದ್ದು ಹೋಗಿರುವುದಿಲ್ಲ. ಟಯರಿನ ಮೇಲೆ ನಿಮ್ಮ ಭಾರ ಬಿದ್ದಾಗ ಮಾತ್ರ ಅದು ತಲೆ ಎತ್ತುತ್ತದೆ, ಭಾರ ತೆಗೆದರೆ ರಬ್ಬರಿನೊಳಕ್ಕೆ ಸೇರಿಕೊಳ್ಳುತ್ತದೆ. ಅನುಮಾನ ಇರುವ ಜಾಗವನ್ನು ಎರಡೂ ಕೈಯಲ್ಲಿ ಹಿಡಿದು, ಟಯರಿನ ಒಳಮೈ ಹೊರಕ್ಕೆ ಉಬ್ಬುವ ಹಾಗೆ ಬಗ್ಗಿಸಿ. ಕಿತ್ತಳೆ ಸಿಪ್ಪೆಯನ್ನು ಹಿಂದುಮುಂದಾಗಿ ಮಡಚುತ್ತೀರಲ್ಲ, ಹಾಗೆ. ರಬ್ಬರ್ ಹಿಗ್ಗಿ, ಎಳ್ಳಿನ ತುದಿಯಷ್ಟು ಕಂದು ಚುಕ್ಕೆ ಮೇಲೆ ಬರುತ್ತದೆ. ಬಿಸಿಲಿಗೆ ಹಿಡಿದು ನೋಡಿ. ಹೊರಮೈಯನ್ನೂ ಇದೇ ರೀತಿ ಬಗ್ಗಿಸಿ ನೋಡಿ.

ಸಿಕ್ಕಿದ ಮೇಲೆ ನೇಲ್ ಕಟರಿನ ಬಾಯಿಂದ ಮೆಲ್ಲಗೆ ಕಚ್ಚಿ ಎಳೆಯಿರಿ. ಜೋರಾಗಿ ಒತ್ತಿದರೆ ತುಂಡಾಗಿ ಇನ್ನೂ ಒಳಗೆ ಉಳಿಯುತ್ತದೆ. ಹಿಡಿತಕ್ಕೆ ಸಿಗದಿದ್ದರೆ ಒಳಗಿನಿಂದ ಸೂಜಿಯಲ್ಲಿ ಹೊರಕ್ಕೆ ತಳ್ಳಿ. ಹೊರಗಿನಿಂದ ಒಳಕ್ಕೂ ತಳ್ಳಬಹುದು, ಆದರೆ ಪೂರ್ತಿ ಹೊರಬಂತಾ ಅಂತ ನೋಡಿಕೊಳ್ಳಿ.

ಒಂದು ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ನೆಗ್ಗಿಲು ಒಂದೇ ಬರುವ ಜಾತಿಯಲ್ಲ. ಇಡೀ ಟಯರನ್ನು ಒಂದು ಸುತ್ತು ಪೂರ್ತಿ ನೋಡಿ, ಇನ್ನೊಂದು ಚಕ್ರವನ್ನೂ ನೋಡಿ.

ಟಯರೇ ಸೀಳಿದ್ದರೆ ಒಳಗಿನಿಂದ ಏನಾದರೂ ಗಟ್ಟಿಯಾದದ್ದು ಆಸರೆ ಕೊಡಬೇಕು, ಇಲ್ಲದಿದ್ದರೆ ಟ್ಯೂಬ್ ಸೀಳಿನಿಂದ ಹೊರಗೆ ಉಬ್ಬಿ ಒಡೆಯುತ್ತದೆ. ಹಳೇ ಟಯರಿನ ತುಂಡು, ಖಾಲಿ ಟೂತ್‌ಪೇಸ್ಟ್ ಟ್ಯೂಬ್ ಕತ್ತರಿಸಿದ ಪಟ್ಟಿ, ಮಡಚಿದ ಚಾಕೊಲೇಟ್ ಕವರ್, ಏನೂ ಇಲ್ಲದಿದ್ದರೆ ಹತ್ತು ರೂಪಾಯಿ ನೋಟು. ನೋಟು ಹಾಕಿ ಊರು ಮುಟ್ಟಿದವರು ಬೇಕಾದಷ್ಟಿದ್ದಾರೆ.

ಹಂತ 6: ಟ್ಯೂಬ್ ಹಾಕುವುದು

ಹೊಸ ಟ್ಯೂಬಿಗೆ ಮೊದಲು ನಾಲ್ಕೈದು ಪಂಪ್ ಗಾಳಿ ಹೊಡೆದು ದುಂಡಗೆ ಮಾಡಿಕೊಳ್ಳಿ. ಚಪ್ಪಟೆಯಾಗಿ ತೂರಿಸಿದರೆ ಎಲ್ಲೋ ಒಂದು ಕಡೆ ತಿರುಚಿಕೊಂಡಿರುತ್ತದೆ. ವಾಲ್ವ್ ತೂರಿಸಿ, ಉಳಿದದ್ದನ್ನು ಟಯರಿನೊಳಗೆ ಕೂರಿಸಿ. ಆಮೇಲೆ ವಾಲ್ವಿನ ಎದುರು ಬದಿಯಿಂದ ಬೀಡನ್ನು ರಿಮ್ಮಿನೊಳಕ್ಕೆ ಒತ್ತುತ್ತಾ ಎರಡೂ ಕಡೆಯಿಂದ ವಾಲ್ವಿನ ಹತ್ತಿರ ಬಂದು ಮುಗಿಸಿ.

ಕೊನೆಯ ಒಂದು ಗೇಣು ಬಿಗಿ ಅನ್ನಿಸುತ್ತದೆ. ಎಲ್ಲರೂ ಇಲ್ಲೇ ಲಿವರ್ ತೆಗೆಯುತ್ತಾರೆ, ಹೊಸ ಟ್ಯೂಬಿಗೆ ಹೊಸ ತೂತು ಬೀಳುವುದೂ ಇಲ್ಲೇ. ಲಿವರ್ ಬದಿಗಿಡಿ. ಎದುರು ಬದಿಗೆ ಹೋಗಿ ಬೀಡನ್ನು ಮತ್ತೆ ರಿಮ್ಮಿನ ನಡುತಗ್ಗಿಗೆ ಒತ್ತಿ ಒತ್ತಿ ಇಳಿಸಿಕೊಂಡು ಬನ್ನಿ, ಇಲ್ಲಿ ಜಾಗ ಸಿಗುತ್ತದೆ. ಆಮೇಲೆ ಎರಡೂ ಹೆಬ್ಬೆರಳು, ಇಲ್ಲವೇ ಅಂಗೈಯ ಬುಡ. ಚಪಾತಿ ಹಿಟ್ಟು ನಾದಿದ ಅಭ್ಯಾಸ ಇದ್ದವರಿಗೆ ಇದು ಬೇಗ ಒಲಿಯುತ್ತದೆ.

ಟಯರ್ ಕೂತ ಮೇಲೆ ವಾಲ್ವನ್ನು ಒಮ್ಮೆ ಒಳಕ್ಕೆ ತಳ್ಳಿ ಬಿಡಿ. ಅದರ ಬುಡದಲ್ಲಿ ಟ್ಯೂಬ್ ಸಿಕ್ಕಿಕೊಂಡಿದ್ದರೆ ಬಿಡಿಸಿಕೊಳ್ಳುತ್ತದೆ. ಸುತ್ತಲೂ ಟಯರನ್ನು ಪಕ್ಕಕ್ಕೆ ಸರಿಸಿ ಇಣುಕಿ ನೋಡಿ, ಬೀಡಿನ ಕೆಳಗೆ ಎಲ್ಲೂ ಟ್ಯೂಬ್ ಕಾಣಬಾರದು. ಟಯರಿನ ಮೇಲೆ ಬಾಣದ ಗುರುತಿದ್ದರೆ ಅದು ಚಕ್ರ ಉರುಳುವ ದಿಕ್ಕು. ಉಲ್ಟಾ ಹಾಕಿದರೆ ಸೈಕಲ್ ಓಡುತ್ತದೆ, ಹಿಡಿತ ಮಾತ್ರ ಕಡಿಮೆ.

ಹಂತ 7: ಗಾಳಿ

ಅರ್ಧ ಹೊಡೆದು ನಿಲ್ಲಿಸಿ, ಚಕ್ರ ತಿರುಗಿಸಿ ನೋಡಿ. ಟಯರಿನ ಪಕ್ಕದಲ್ಲಿ ರಿಮ್ಮಿಗೆ ಸಮನಾಗಿ ಒಂದು ಗೆರೆ ಇರುತ್ತದೆ. ಅದು ಸುತ್ತಲೂ ಒಂದೇ ಸಮ ಕಂಡರೆ ಸರಿ, ಎಲ್ಲೋ ಮುಳುಗಿದ್ದರೆ ಗಾಳಿ ಬಿಟ್ಟು ಮತ್ತೆ ಕೂರಿಸಿ. ಆಮೇಲೆ ಪೂರ್ತಿ ಹೊಡೆಯಿರಿ. ಕೈಪಂಪಿನಲ್ಲಿ 29 ಇಂಚಿನ ಟಯರ್ ತುಂಬಲು ಇನ್ನೂರಕ್ಕೂ ಜಾಸ್ತಿ ಸಲ ಒತ್ತಬೇಕಾಗಬಹುದು. ಕೈ ಸೋತಾಗ ಪಂಪು ಅಲ್ಲಾಡುತ್ತದೆ, ಅಲ್ಲಾಡಿದರೆ ವಾಲ್ವಿನ ಬುಡ ಹರಿಯುತ್ತದೆ. ಪಂಪಿನ ಮೂತಿಯನ್ನೂ ಒಂದು ಕಡ್ಡಿಯನ್ನೂ ಒಂದೇ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಹೊಡೆಯಿರಿ. ಪ್ರೆಸ್ಟಾ ಆದರೆ ತುದಿಯ ಪುಟ್ಟ ನಟ್ಟು ಸಡಿಲಿಸಿ ಒಮ್ಮೆ ಒತ್ತಿ 'ಫುಸ್' ಅನ್ನಿಸಿದ ಮೇಲೆಯೇ ಗಾಳಿ ಒಳಗೆ ಹೋಗುವುದು.

ಎಷ್ಟು ಗಾಳಿ? ಗಾಳಿಯ ಒತ್ತಡವನ್ನು ಪಿಎಸ್‌ಐ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಕಾರಿಗೆ 32 ಅನ್ನುತ್ತಾರಲ್ಲ, ಅದೇ. 70 ಕಿಲೋ ಆಸುಪಾಸಿನ ಸವಾರ, 2.25 ಇಂಚಿನ ಟಯರ್, ಒಳಗೆ ಟ್ಯೂಬ್ ಇದ್ದರೆ ಮುಂದೆ 28ರಿಂದ 30, ಹಿಂದೆ 32ರಿಂದ 35ರಲ್ಲಿ ಶುರು ಮಾಡಿ. ಭಾರ ಜಾಸ್ತಿ ಇದ್ದರೆ ಎರಡು ಮೂರು ಏರಿಸಿ. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಅಂಕಿಯ ತನಕ ಹೊಡೆಯಬೇಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಮೀರಬಾರದ ಗೆರೆ, ಗುರಿಯಲ್ಲ. ಕಲ್ಲಿನಷ್ಟು ಗಟ್ಟಿ ಟಯರ್ ಜಲ್ಲಿಯ ಮೇಲೆ ಜಾರುತ್ತದೆ, ಸೊಂಟವನ್ನೂ ಮುರಿಯುತ್ತದೆ. ತೀರಾ ಮೆತ್ತಗಿದ್ದರೆ ಆಗಲೇ ಹೇಳಿದ ಹಾವಿನ ಕಡಿತ. ಮುಳ್ಳಿಗೆ ಮಾತ್ರ ಗಾಳಿ ಎಷ್ಟಿದ್ದರೂ ಒಂದೇ, ಚುಚ್ಚುವುದು ಚುಚ್ಚುತ್ತದೆ.

ಬಂಕಿನಲ್ಲಿ ಹೊಡೆಸುವಾಗ ಹುಷಾರು. ಆ ಯಂತ್ರಕ್ಕೆ ಸೈಕಲ್ ಟ್ಯೂಬ್ ಅಂದರೆ ಒಂದು ಗುಟುಕು. "ಅಣ್ಣ, ಸ್ವಲ್ಪ ಸ್ವಲ್ಪ" ಅಂತ ಪಕ್ಕದಲ್ಲೇ ನಿಂತು ಹೇಳಿ, ಬೆರಳಿನಿಂದ ಒತ್ತಿ ನೋಡುತ್ತಿರಿ.

ಹಂತ 8: ಚಕ್ರ ವಾಪಸ್, ಬ್ರೇಕ್ ನೋಡದೆ ಹತ್ತಬೇಡಿ

ರಟ್ಟು ತೆಗೆಯಿರಿ. ಡಿಸ್ಕ್ ಪ್ಯಾಡುಗಳ ನಡುವೆ ಹೋಗುವಂತೆ ನೋಡಿಕೊಂಡು, ಚೈನನ್ನು ಸಣ್ಣ ಹಲ್ಲಿನ ಚಕ್ರದ ಮೇಲೆ ಕೂರಿಸಿ, ಚಕ್ರದ ನಡುವಿನ ಆಕ್ಸಲ್ ಪೂರ್ತಿ ಒಳಗೆ ಕೂತ ಮೇಲೆಯೇ ಬಿಗಿಮಾಡಿ. ಕ್ವಿಕ್ ರಿಲೀಸ್ ಇದ್ದವರು, ಅಂದರೆ ಸ್ಪ್ಯಾನರ್ ಇಲ್ಲದೆ ಲಿವರ್ ಮಡಚಿ ಚಕ್ರ ಬಿಗಿಮಾಡುವವರು, ಆ ಲಿವರನ್ನು ನಟ್ಟಿನ ಹಾಗೆ ಸುತ್ತಿಸಿ ಬಿಟ್ಟುಬಿಡುವುದು ನೋಡಿದ್ದೇನೆ. ಅದು ಮಡಚಲಿಕ್ಕೆ ಇರುವುದು. ಮಡಚಿದಾಗ ಅಂಗೈಯಲ್ಲಿ ಅದರ ಅಚ್ಚು ಮೂಡುವಷ್ಟು ಬಿಗಿ ಇರಬೇಕು.

ಸೈಕಲ್ ಎತ್ತಿ ಚಕ್ರದ ಮೇಲೆ ಕೈಯಿಂದ ಒಂದು ಗುದ್ದು ಕೊಡಿ, ಅಲ್ಲಾಡಬಾರದು. ಬ್ರೇಕ್ ಲಿವರನ್ನು ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತಿ. ಸೈಕಲನ್ನು ತಲೆಕೆಳಗು ಮಾಡಿ ರಿಪೇರಿ ಮಾಡಿದ್ದರೆ ಹೈಡ್ರಾಲಿಕ್ ಬ್ರೇಕ್ ಮೊದಲ ಒಂದೆರಡು ಸಲ ಮೆತ್ತಗೆ ಇರಬಹುದು. ಒತ್ತಿದ ಮೇಲೂ ಮೆತ್ತಗೇ ಇದ್ದರೆ ಇಳಿಜಾರಿನಲ್ಲಿ ಹತ್ತಬೇಡಿ, ತಳ್ಳಿಕೊಂಡು ಇಳಿಯಿರಿ.

ಟ್ಯೂಬೂ ಇಲ್ಲ, ಪ್ಯಾಚೂ ಇಲ್ಲ ಅಂದರೆ

ಹಳ್ಳಿ ಹತ್ತಿರ ಇದ್ದರೆ ಪಂಚರ್ ಅಂಗಡಿ ಇದ್ದೇ ಇರುತ್ತದೆ, ನಿಮ್ಮ ಅಳತೆಯ ಟ್ಯೂಬ್ ಮಾತ್ರ ಇರುವುದಿಲ್ಲ. ಪ್ಯಾಚ್ ಹಾಕಿಸಿ. ಇಡೀ ಸೈಕಲ್ ಕೊಡಬೇಡಿ, ಟಯರ್ ನೀವೇ ಬಿಚ್ಚಿ ಟ್ಯೂಬ್ ಮಾತ್ರ ಕೈಗೆ ಕೊಡಿ. ಪ್ಯಾಚ್ ಹಾಕುವುದರಲ್ಲಿ ಅವರ ಕೈ ನಮಗಿಂತ ಚೆನ್ನಾಗಿ ಪಳಗಿದೆ. ತೊಂದರೆ ಆಗುವುದು ಆ ಕಬ್ಬಿಣದ ಪಟ್ಟಿಯಿಂದ.

ಊರೇ ಇಲ್ಲದ ಕಡೆ ಎರಡು ಉಪಾಯ. ಒಂದು, ತೂತಿರುವ ಜಾಗದಲ್ಲಿ ಟ್ಯೂಬ್ ಕತ್ತರಿಸಿ ಎರಡೂ ತುದಿ ಸೇರಿಸಿ ಬಿಗಿಯಾಗಿ ಗಂಟು ಹಾಕಿ, ಟಯರಿಗೆ ತುರುಕಿ ಗಾಳಿ ಹೊಡೆಯುವುದು. ಗಂಟು ಬಂದ ಕಡೆ ಚಕ್ರ ಕುಣಿಯುತ್ತದೆ, ನಿಧಾನಕ್ಕೆ ಮನೆ ಸೇರಬಹುದು. ಎರಡು, ಟಯರಿನೊಳಗೆ ಒಣಹುಲ್ಲು ತುಂಬುವುದು. ರಾಗಿ ಹುಲ್ಲಿನ ಬಣವೆ ಪಕ್ಕದಲ್ಲಿದ್ದರೆ ಯಜಮಾನರನ್ನು ಕೇಳಿ ಎರಡು ಹಿಡಿ ತಗೊಳ್ಳಿ. ಎರಡು ಹಿಡಿ ಸಾಲುವುದಿಲ್ಲ, ಇನ್ನೊಮ್ಮೆ ಕೇಳಬೇಕಾಗುತ್ತದೆ. ದಿಂಬಿನಷ್ಟು ಮೆತ್ತಗಲ್ಲ, ಬೆರಳು ಒತ್ತಿದರೆ ಒಳಗೆ ಹೋಗದಷ್ಟು ತುರುಕಬೇಕು. ಇಳಿಜಾರಿನಲ್ಲಿ ಇದನ್ನು ನಂಬಬೇಡಿ.

ಮುಳ್ಳಿನ ಸೀಮೆಯಲ್ಲೇ ದಿನಾ ಓಡಿಸುವವರಿಗೆ

ವಿಜಯಪುರ, ಬಾಗಲಕೋಟೆ, ಗದಗ, ಚಿತ್ರದುರ್ಗದ ಕಡೆಯವರಿಗೆ ಮೇಲಿನದಷ್ಟೇ ಸಾಲದು. ಮೂರು ದಾರಿ ಇದೆ.

ಅಗ್ಗದ್ದು ಲೈನರ್. ಟಯರಿಗೂ ಟ್ಯೂಬಿಗೂ ನಡುವೆ ಹಾಕುವ ಗಟ್ಟಿ ಪಟ್ಟಿ. ಕೆಲಸ ಮಾಡುತ್ತದೆ, ಆದರೆ ಚಕ್ರ ಭಾರವಾಗುತ್ತದೆ. ಪಟ್ಟಿಯ ತುದಿ ಟ್ಯೂಬಿಗೆ ಉಜ್ಜಿ ಉಜ್ಜಿ ಅದೇ ತೂತು ಮಾಡುವುದೂ ಉಂಟು. ತುದಿಗಳನ್ನು ದುಂಡಗೆ ಕತ್ತರಿಸಿ, ಉಜ್ಜುಕಾಗದದಿಂದ ನಯ ಮಾಡಿ ಹಾಕಿ.

ಎರಡನೆಯದು ಟ್ಯೂಬಿನೊಳಗೇ ಸೀಲೆಂಟ್. ಇದು ಹಾಲಿನಂಥ ದ್ರವ, ಸಣ್ಣ ತೂತು ಬಿದ್ದರೆ ಅಲ್ಲೇ ಗಟ್ಟಿಯಾಗಿ ಮುಚ್ಚಿಬಿಡುತ್ತದೆ. ಟ್ಯೂಬಿನ ವಾಲ್ವಿನ ಒಳಕಡ್ಡಿ ಬಿಚ್ಚಲು ಬಂದರೆ ಮಾತ್ರ ತುಂಬಬಹುದು. ಹೊಸಬರಿಗೆ ನಾನು ಹೇಳುವುದು ಇದನ್ನೇ. ಖರ್ಚು ಕಡಿಮೆ, ರಿಮ್ಮು ಟಯರ್ ಬದಲಿಸಬೇಕಿಲ್ಲ.

ಮೂರನೆಯದು ಟ್ಯೂಬ್‌ಲೆಸ್. ಟ್ಯೂಬೇ ಇಲ್ಲ, ಟಯರ್ ರಿಮ್ಮಿಗೆ ಬಿಗಿಯಾಗಿ ಕೂತು ಒಳಗೆ ಸೀಲೆಂಟ್ ಇರುತ್ತದೆ. ಗಾಳಿ ಕಡಿಮೆ ಇಟ್ಟರೂ ಹಾವಿನ ಕಡಿತದ ಭಯವಿಲ್ಲ, ಹಿಡಿತ ಜಾಸ್ತಿ. ಆದರೆ ರಿಮ್ಮು, ಟಯರ್ ಎರಡೂ ಅದಕ್ಕೆಂದೇ ಮಾಡಿದ್ದಿರಬೇಕು, ಮಾಮೂಲಿ ಟಯರಿಗೆ ಸೀಲೆಂಟ್ ಸುರಿದು ಪ್ರಯೋಗ ಮಾಡಬೇಡಿ. ಸೀಲೆಂಟ್ ಒಣಗುತ್ತದೆ ಅನ್ನುವುದನ್ನೂ ಮರೆಯುತ್ತಾರೆ. ನಮ್ಮ ಬೇಸಿಗೆಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ ನೋಡಿ ಮತ್ತೆ ತುಂಬಬೇಕು. ಟ್ಯೂಬ್‌ಲೆಸ್ ಹಾಕಿಸಿದವರೂ ಬ್ಯಾಗಿನಲ್ಲಿ ಒಂದು ಟ್ಯೂಬ್ ಇಟ್ಟುಕೊಳ್ಳಿ. ದೊಡ್ಡ ಸೀಳಿಗೆ ಸೀಲೆಂಟ್ ಏನೂ ಮಾಡಲಾರದು. ಆಗ ಟ್ಯೂಬ್ ಹಾಕುವ ಮೊದಲು ಟಯರಿನೊಳಗೆ ಕೈ ಹಾಕಿ, ಅಲ್ಲಲ್ಲ, ಬನಿಯನ್ ತುಂಡು ಹಾಕಿ ನೋಡಿ. ಸೀಲೆಂಟ್ ಮುಚ್ಚಿದ ಹಳೇ ಮುಳ್ಳುಗಳು ಹತ್ತಾರು ಅಲ್ಲೇ ತುದಿ ಚಾಚಿಕೊಂಡು ಕೂತಿರುತ್ತವೆ.

ಮನೆಗೆ ಬಂದ ಮೇಲೆ ಪ್ಯಾಚ್

ದಾರಿಯಲ್ಲಿ ಟ್ಯೂಬ್ ಬದಲಿಸಿ, ಮನೆಯಲ್ಲಿ ಪ್ಯಾಚ್ ಹಾಕಿ. ಸರಿಯಾಗಿ ಹಾಕಿದ ಪ್ಯಾಚ್ ಟ್ಯೂಬಿನಷ್ಟೇ ದಿನ ಬರುತ್ತದೆ.

ತೂತಿನ ಸುತ್ತ ಪ್ಯಾಚಿಗಿಂತ ಸ್ವಲ್ಪ ಅಗಲಕ್ಕೆ ಉಜ್ಜಿ, ಹೊಳಪು ಹೋಗಿ ಬೂದು ಬಣ್ಣ ಬರಬೇಕು. ಟ್ಯೂಬಿನ ಉದ್ದಕ್ಕೂ ಅಚ್ಚಿನ ಸಣ್ಣ ಏಣು ಇರುತ್ತದೆ. ಪ್ಯಾಚ್ ಅದರ ಮೇಲೆ ಬರುವಂತಿದ್ದರೆ ಏಣು ಪೂರ್ತಿ ಹೋಗುವ ತನಕ ಉಜ್ಜಿ, ಇಲ್ಲದಿದ್ದರೆ ಆ ಏಣಿನ ಸಂದಿನಿಂದಲೇ ಗಾಳಿ ನುಸುಳುತ್ತದೆ. ಸೊಲ್ಯೂಷನನ್ನು ತೆಳ್ಳಗೆ ಸವರಿ. ಆಮೇಲೆ ಕಾಯಿರಿ. ಅಂಟು ಹಸಿ ಇರುವಾಗಲೇ ಪ್ಯಾಚ್ ಅಂಟಿಸುವುದೇ ಎಲ್ಲರೂ ಮಾಡುವ ತಪ್ಪು. ಐದು ನಿಮಿಷ ಬಿಟ್ಟು, ಹೊಳಪು ಮಾಸಿದ ಮೇಲೆ ಪ್ಯಾಚ್ ಇಟ್ಟು ನಡುವಿನಿಂದ ಅಂಚಿಗೆ ಒತ್ತಿ. ಮೇಲಿನ ತೆಳು ಪ್ಲಾಸ್ಟಿಕ್ ಕೀಳಲು ಹೋಗಿ ಪ್ಯಾಚನ್ನೇ ಎಬ್ಬಿಸಬೇಡಿ, ಅದು ಇದ್ದರೂ ತೊಂದರೆಯಿಲ್ಲ. ಸುತ್ತ ಉಳಿದ ಅಂಟಿನ ಮೇಲೆ ಸ್ವಲ್ಪ ಪೌಡರ್ ಉದುರಿಸಿ.

ಕಿತ್ತಳೆಯಂಥ ಬಣ್ಣದ, ತೀರಾ ಹಗುರವಾದ ಟಿಪಿಯು ಟ್ಯೂಬುಗಳು ಈಗ ಬಂದಿವೆ. ಅದು ರಬ್ಬರಲ್ಲ, ಒಂದು ಥರದ ಪ್ಲಾಸ್ಟಿಕ್. ಮಾಮೂಲಿ ಸೊಲ್ಯೂಷನ್ ಪ್ಯಾಚ್ ಹಿಡಿಯುವುದಿಲ್ಲ, ಅದರದೇ ಪ್ಯಾಚ್ ಬೇಕು.

ಪ್ಯಾಚ್ ಹಾಕಿದ ಟ್ಯೂಬಿಗೆ ಗಾಳಿ ಹೊಡೆದು ರಾತ್ರಿಯಿಡೀ ಬಿಡಿ. ಬೆಳಗ್ಗೆ ಹಾಗೇ ಇದ್ದರೆ ಗಾಳಿ ಬಿಟ್ಟು ಸುತ್ತಿ, ವಾಲ್ವಿಗೆ ಮುಚ್ಚಳ ಹಾಕಿ, ಹಳೇ ಸಾಕ್ಸಿನೊಳಗೆ ತೂರಿಸಿ ಬ್ಯಾಗಿಗೆ ಹಾಕಿ. ಬರಿಯ ಟ್ಯೂಬನ್ನು ಸ್ಪ್ಯಾನರಿನ ಜತೆ ಬ್ಯಾಗಿನಲ್ಲಿ ಇಟ್ಟರೆ ಆರು ತಿಂಗಳು ಕುಲುಕಾಡಿ, ಬೇಕಾದ ದಿನ ತೆಗೆದು ನೋಡಿದರೆ ಅದರಲ್ಲೂ ತೂತು.